48 ಚೌಕಗಳ ಒಂದು ದಿನ

ಹಾಸನದಲ್ಲಿ ಸುತ್ತಮುತ್ತಲ ಊರುಗಳ ಸ್ತ್ರೀಶಕ್ತಿ ಸಂಘದವರು ಒಂದು ಮಧ್ಯಾಹ್ನ ಸೇರಿದ್ದರು. ಅಲ್ಲಿ ನಾನು ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಹಲವರು ಕೇಳಿದರು. ಅದಕ್ಕೆ ಬರೆದಿದ್ದೇನೆ. ನಡುವೆ ಸಭೆಯಲ್ಲಿ ಕೂತವರು ಹೇಳಿದ್ದನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಐದು ಗಂಟೆಗೆ ಮುಗಿಸಲೇಬೇಕು ಎಂದು ಸಂಘದ ಅಕ್ಕ ನನಗೆ ಮೊದಲೇ ಹೇಳಿದ್ದಾರೆ. ಐದು ದಾಟಿದರೆ ಸಂಜೆಯ ಹಾಲು ಕರೆಯೋದು ತಡ ಆಗುತ್ತೆ, ಡೈರಿ ಬಾಗಿಲು ಹಾಕಿಬಿಡುತ್ತಾರೆ. ಇಲ್ಲಿ ಕೂತಿರುವ ಎಷ್ಟೋ ಜನರ ಒಂದು ಕಿವಿ ಈಗಲೂ ಕೊಟ್ಟಿಗೆ ಕಡೆಗೇ ಇದೆ. ನಾನೂ ಬೇಲೂರು ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ನನಗೆ ಗೊತ್ತು. ಐದಕ್ಕೆ ಖಂಡಿತ ಮುಗಿಸುತ್ತೇನೆ.

ಒಳಗೆ ಬರುವಾಗ ನಿಮಗೆ ಒಂದೊಂದು ಹಾಳೆ ಕೊಟ್ಟಿದ್ದಾರೆ, ಅದರಲ್ಲಿ 48 ಚೌಕಗಳಿವೆ. ಅದನ್ನು ಸದ್ಯಕ್ಕೆ ಮಡಿಲಲ್ಲಿ ಇಟ್ಟುಕೊಳ್ಳಿ. ಮೊದಲು ಒಂದು ಮನೆಯ ವಿಷಯ ಹೇಳುತ್ತೇನೆ.

2011ರಲ್ಲಿ ಜನಗಣತಿ ನಡೆಯಿತು. ಆಗ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಗಣತಿ ಅಂದರೆ ಮೇಷ್ಟ್ರು, ಟೀಚರುಗಳೇ ತಾನೇ ಹೋಗೋದು. ಫೆಬ್ರವರಿ ತಿಂಗಳು. ಒಂದು ಮನೆಯ ಯಜಮಾನರು ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿದರು. ಒಬ್ಬೊಬ್ಬರ ವಿವರ ಬರೆದುಕೊಳ್ಳುತ್ತಾ ಬಂದೆ. 'ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?' ಎಂದು ಕೇಳಿದೆ. 'ಏನೂ ಇಲ್ಲ ಮೇಡಂ, ಸುಮ್ನೆ ಮನೇಲಿದ್ದಾಳೆ' ಅಂದರು. ಆ ಹೊತ್ತಿಗೆ ಸರಿಯಾಗಿ ಆಕೆ ತಲೆ ಮೇಲೆ ಸಗಣಿ ಮಂಕರಿ ಹೊತ್ತುಕೊಂಡು ತಿಪ್ಪೆ ಕಡೆ ಹೊರಟಿದ್ದರು. ನಮ್ಮ ಮಾತು ಕೇಳಿ ನಿಂತರು. 'ಹೂಂ ಮೇಡಂ, ನಾನೇನ್ ಮಾಡ್ತೀನಿ, ಮನೇಲೇ ಇರೋದು' ಅಂದರು.

ಗಂಡ ಹೇಳಿದ್ದಕ್ಕಿಂತ ಆಕೆ ಹೇಳಿದ್ದೇ ನನಗೆ ಜಾಸ್ತಿ ನೋವು ಕೊಟ್ಟಿತು. ಕುತ್ತಿಗೆಯ ಮೇಲೆ ಅಷ್ಟು ಭಾರ ಇಟ್ಟುಕೊಂಡು 'ನಾನೇನ್ ಮಾಡ್ತೀನಿ' ಅನ್ನುತ್ತಿದ್ದಾರೆ.

ಗಣತಿಯ ಫಾರಂನಲ್ಲಿ ಕೆಲಸ ಇಲ್ಲದವರಿಗೆ ಅಂತ ಒಂದು ಪಟ್ಟಿ ಇತ್ತು. ವಿದ್ಯಾರ್ಥಿ, ಮನೆಗೆಲಸ, ಅವಲಂಬಿತರು, ಪಿಂಚಣಿದಾರರು, ಬಾಡಿಗೆ-ಬಡ್ಡಿಯಲ್ಲಿ ಬದುಕುವವರು, ಭಿಕ್ಷುಕರು, ಇತರೆ. ಇದರಲ್ಲಿ ಎರಡನೆಯದು ಮನೆಗೆಲಸ. ಆ ಅಂಕಿ ಬರೆದು ಮುಂದಿನ ಮನೆಗೆ ಹೋಗಬಹುದಿತ್ತು. ಆದರೆ ಹೆಂಗಸರ ವಿಷಯದಲ್ಲಿ ಇನ್ನೊಂದು ಸಲ ಬಿಡಿಸಿ ಕೇಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ಕೇಳಿದೆ. 'ಹಸು ಯಾರು ನೋಡ್ಕೊಳ್ತಾರಮ್ಮ?' 'ನಾನೇ.' 'ರಾಗಿ ಹೊಲದಲ್ಲಿ ಕಳೆ?' 'ನಾನೇ.' 'ಆಲೂಗಡ್ಡೆ ಬಿತ್ತನೆಯಲ್ಲಿ?' 'ನಮ್ಮದು ಮುಗಿಸಿ ಬೇರೆಯವರ ಹೊಲಕ್ಕೆ ಕೂಲಿಗೂ ಹೋಗ್ತೀನಿ.' ಹೀಗೆ ಸುಮ್ನೆ ಮನೇಲಿದ್ದವರು ಎರಡೇ ನಿಮಿಷದಲ್ಲಿ ರೈತ ಮಹಿಳೆ ಆದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತು ಬೆಳಗಿನಿಂದ ಮುಗಿಸಿದ್ದ ಮನೆಗಳಲ್ಲಿ ಎಷ್ಟು ಕಡೆ ನಾನು ಎರಡನೇ ಸಲ ಕೇಳಿದ್ದೆ? ಮಾರನೇ ದಿನ ಆ ಮನೆಗಳಿಗೆಲ್ಲ ವಾಪಸ್ ಹೋದೆ. ಬಹಳ ಕಡೆ ಉತ್ತರ ಬದಲಾಯಿತು.

ಇಷ್ಟು ಕೇಳಿದ ಮೇಲೂ ಒಂದು ದೊಡ್ಡ ಭಾಗ ಹೊರಗೇ ಉಳಿಯುತ್ತದೆ. ದೇಶದ ಉತ್ಪನ್ನ ಲೆಕ್ಕ ಹಾಕುವಾಗ ಎಲ್ಲ ದೇಶಗಳೂ ಒಪ್ಪಿಕೊಂಡ ಒಂದು ಗೆರೆ ಇದೆ. ಮನೆಯವರು ಮನೆಗಾಗಿ ಬೆಳೆದದ್ದು, ತಯಾರಿಸಿದ ವಸ್ತು ಗೆರೆಯ ಒಳಗೆ. ಮನೆಯವರಿಗೆ ಕೂಲಿ ಇಲ್ಲದೆ ಮಾಡಿದ ಸೇವೆ ಗೆರೆಯ ಹೊರಗೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ, ನೀವು ಹಾಲು ಕರೆದರೆ ಅದು ಲೆಕ್ಕಕ್ಕಿದೆ. ಅದೇ ಹಾಲನ್ನು ಕಾಯಿಸಿ, ಆರಿಸಿ, ಹಟ ಮಾಡುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುಡಿಸಿದರೆ ಲೆಕ್ಕಕ್ಕಿಲ್ಲ. ರಾಗಿ ಬೆಳೆದರೆ ಇದೆ, ಮುದ್ದೆ ಕಟ್ಟಿದರೆ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಮೆಸ್ಸಿನಲ್ಲಿ ಕಟ್ಟಿದ ಮುದ್ದೆ ಲೆಕ್ಕದಲ್ಲಿದೆ, ನಿಮ್ಮ ಮನೆಯ ಮುದ್ದೆ ಇಲ್ಲ. ಗಂಡಸು ತನ್ನ ಮನೆಗೆ ಅಡುಗೆ ಮಾಡಿದರೂ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಗೆರೆಯ ಆಚೆ ಯಾರು ನಿಂತಿದ್ದಾರೆ ನೋಡಿ. 2011ರ ಗಣತಿಯಲ್ಲಿ ಮನೆಗೆಲಸವೇ ನಮ್ಮ ಮುಖ್ಯ ಕೆಲಸ ಎಂದವರಲ್ಲಿ ಹೆಂಗಸರು ಸುಮಾರು 16 ಕೋಟಿ, ಗಂಡಸರು ಸುಮಾರು 58 ಲಕ್ಷ.

ಈಗ ಹಾಳೆ ಬಿಚ್ಚಿ. ಇದು ನಾನು ಕಂಡುಹಿಡಿದದ್ದಲ್ಲ. 2019ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶದವರು ಮೊದಲ ಸಲ ಇಡೀ ದೇಶದಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿದರು. ಬೆಳಗಿನ ಜಾವ ನಾಲ್ಕರಿಂದ ಮಾರನೇ ದಿನ ನಾಲ್ಕರವರೆಗೆ, ಅರ್ಧ ಅರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಂಡರು. ಒಂದು ದಿನಕ್ಕೆ 48 ಅರ್ಧ ಗಂಟೆ. ನಿನ್ನೆಯ ದಿನ ನೆನಪು ಮಾಡಿಕೊಂಡು ನೀವೂ ತುಂಬಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಿ. ಹಿಂದಿನ ಸಾಲಿನ ಅಣ್ಣಂದಿರೂ ತುಂಬಿ.

(ಇಪ್ಪತ್ತು ನಿಮಿಷ ಬಿಟ್ಟೆವು. ಆಮೇಲೆ ಆಲೂರು ಕಡೆಯ ಒಬ್ಬ ತಾಯಿ ಎದ್ದು ತಮ್ಮದನ್ನು ಓದಿದರು. ನಾಲ್ಕೂವರೆಗೆ ಏಳುವುದು. ಬಾಗಿಲಿಗೆ ನೀರು, ರಂಗೋಲಿ, ಬಚ್ಚಲ ಒಲೆಗೆ ಉರಿ. ಸಗಣಿ ಬಾಚುವುದು, ಹಾಲು ಕರೆಯುವುದು. ಆರಕ್ಕೆ ಡೈರಿ. ಆರೂವರೆಯ ಚೌಕಕ್ಕೆ ಬಂದಾಗ ನಿಲ್ಲಿಸಿದರು. 'ಇಲ್ಲಿ ಉಪ್ಪಿಟ್ಟು ಕೆದಕ್ತಾ ಇದ್ದೆ. ಮಗಳಿಗೆ ಜಡೆ ಹಾಕ್ತಾ ಇದ್ದೆ. ಅತ್ತೆಗೆ ಸಕ್ಕರೆ ಕಾಯಿಲೆ ಮಾತ್ರೆ ಕೊಟ್ಟೆ. ಹುಡುಗನಿಗೆ ಮಗ್ಗಿ ಒಪ್ಪಿಸ್ಕೊಂಡೆ. ಒಂದು ಚೌಕದಲ್ಲಿ ಯಾವುದನ್ನ ಬರೀಲಿ ಟೀಚರಮ್ಮ?')

ನೋಡಿ, ಸಮೀಕ್ಷೆ ಮಾಡಿದವರಿಗೂ ಇದೇ ಕಷ್ಟ. ಒಂದು ಚೌಕದಲ್ಲಿ ಹಲವು ಕೆಲಸ ಇದ್ದರೆ ಯಾವುದು ಮುಖ್ಯ ಎಂದು ಗುರುತು ಹಾಕಬೇಕು. ಆದರೆ ಯಾವ ಚೌಕದಲ್ಲೂ ಹಿಡಿಯದ ಒಂದು ಕೆಲಸ ಇದೆ. ಅದು ನೆನಪಿಟ್ಟುಕೊಳ್ಳುವ ಕೆಲಸ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು, ಯಾಕೆಂದರೆ ಬೇರೆಯವರು ಇದನ್ನು ಮಾತಾಡುವುದೇ ಇಲ್ಲ.

ನಮ್ಮ ಅವ್ವ ಒಂದು ಸಲ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಒಂದೂವರೆ ತಿಂಗಳು ಮಲಗಿದ್ದರು. ನಾನು, ನನ್ನ ತಂಗಿ, ತಮ್ಮ, ಅಪ್ಪ ಕೆಲಸ ಹಂಚಿಕೊಂಡೆವು. ಅಡುಗೆ, ಕಸ ಮುಸುರೆ, ಹಸು ಎಲ್ಲ ಹೇಗೋ ನಡೆಯಿತು. ಆದರೆ ಗಂಟೆಗೊಂದು ಸಲ ಯಾರಾದರೂ ಮಂಚದ ಹತ್ತಿರ ಹೋಗಿ 'ಅವ್ವಾ' ಅನ್ನುತ್ತಿದ್ದೆವು. ಹೆಪ್ಪಿಗೆ ಎಷ್ಟು ಹಾಕಬೇಕು? ಬಿತ್ತನೆ ರಾಗಿ ಯಾವ ಮೂಟೆ? ಕೆಂದಿ ಯಾವಾಗ ಕರು ಹಾಕುತ್ತೆ? ಅಜ್ಜಿಗೆ ಯಾವ ಸೊಪ್ಪು ಆಗಲ್ಲ? ಹಬ್ಬಕ್ಕೆ ಅತ್ತೆಗೆ ಯಾವ ವಾರ ಹೇಳಿ ಕಳಿಸಬೇಕು? ಅವ್ವ ಮಲಗಿದ ಕಡೆಯಿಂದಲೇ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು. ಕೆಲಸ ನಿಂತಿರಲಿಲ್ಲ.

ಎಷ್ಟೋ ವರ್ಷ ಆದ ಮೇಲೆ ಅವ್ವ ತೀರಿಕೊಂಡರು. ಅದಾಗಿ ಕೆಲವೇ ತಿಂಗಳಿಗೆ ಸಂಬಂಧಿಕರ ಮನೆಯಲ್ಲಿ ಮದುವೆ. ಮುಯ್ಯಿ ಮಾಡಬೇಕು. ನನ್ನ ಮದುವೆಗೆ ಅವರು ಎಷ್ಟು ಮುಯ್ಯಿ ಮಾಡಿದ್ದರು, ನಾವು ಎಷ್ಟು ತೀರಿಸಬೇಕು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹೊಲದ ಪಹಣಿ, ಸೊಸೈಟಿ ಸಾಲ ಎಲ್ಲ ಅಪ್ಪನ ಟ್ರಂಕಿನಲ್ಲಿ ಬರೆದಿತ್ತು. ಇಡೀ ಬಳಗದ ಕೊಡು-ಕೊಳ್ಳುವ ಲೆಕ್ಕ ಮಾತ್ರ ಓದು ಬರಹ ಬಾರದ ಅವ್ವನ ತಲೆಯಲ್ಲಿತ್ತು. ಅಪ್ಪ ಚಪ್ಪರದ ಕೆಳಗೆ ದುಡ್ಡು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನಲವತ್ತು ವರ್ಷ ಅವರು ಆ ಲೆಕ್ಕ ಕೇಳಿರಲೇ ಇಲ್ಲ, ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಸಮೀಕ್ಷೆಯಲ್ಲಿ ಸಿಕ್ಕಿದ್ದು ಏನು ಅಂತ ಹೇಳುತ್ತೇನೆ. 2019ರಲ್ಲಿ ಕೇಳಿದ ದಿನ, 100 ಹೆಂಗಸರಲ್ಲಿ 81 ಜನ ಸಂಬಳವಿಲ್ಲದ ಮನೆಗೆಲಸ ಮಾಡಿದ್ದರು. 100 ಗಂಡಸರಲ್ಲಿ 26 ಜನ. ಆರು ವರ್ಷ ದಾಟಿದ ಎಲ್ಲರನ್ನೂ ಸೇರಿಸಿದ ಲೆಕ್ಕ ಇದು. ಹಾಗೆ ಕೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು. ಅಂದರೆ ನಿಮ್ಮ ಹಾಳೆಯಲ್ಲಿ ಹತ್ತು ಚೌಕ. ಗಂಡಸರು 97 ನಿಮಿಷ, ಮೂರು ಚೌಕ ಚಿಲ್ಲರೆ. ಮಕ್ಕಳು, ಮುದುಕರು, ಕಾಯಿಲೆಯವರನ್ನು ನೋಡಿಕೊಳ್ಳುವುದನ್ನು ಬೇರೆ ಹಿಡಿದಿದ್ದಾರೆ. ಅದರಲ್ಲಿ ತೊಡಗಿದ ಹೆಂಗಸರಿಗೆ 134 ನಿಮಿಷ, ಗಂಡಸರಿಗೆ 76.

2024ರಲ್ಲಿ ಮತ್ತೆ ಕೇಳಿದರು. ಈ ಐದು ವರ್ಷದಲ್ಲಿ ಎಷ್ಟೋ ಹಳ್ಳಿಯ ಮನೆ ಬಾಗಿಲಿಗೆ ನಲ್ಲಿ ಬಂತು. ಎಷ್ಟೋ ಅಡುಗೆ ಮನೆಗೆ ಗ್ಯಾಸ್ ಬಂತು. ಹೆಂಗಸರ ಮನೆಗೆಲಸ 299ರಿಂದ 289ಕ್ಕೆ ಇಳಿಯಿತು. ಹತ್ತು ನಿಮಿಷ. ಗಂಡಸರದು 97ರಿಂದ 88ಕ್ಕೆ ಇಳಿದಿತ್ತು.

(ಹಿಂದಿನ ಸಾಲಿನಿಂದ ಒಬ್ಬರು ಎದ್ದರು. 'ಮೇಡಂ, ಹಂಗಾದ್ರೆ ನಾವೇನು ಸುಮ್ನೆ ಕೂತಿರ್ತೀವಾ? ಬಿಸಿಲಲ್ಲಿ ಶುಂಠಿ ಹೊಲದಲ್ಲಿ ಬೆನ್ನು ಮುರ್ಕೊಳ್ಳಲ್ವಾ?')

ಖಂಡಿತ ಮುರಿದುಕೊಳ್ಳುತ್ತೀರಿ ಅಣ್ಣ. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದೇ 2019ರ ಸಮೀಕ್ಷೆಯಲ್ಲಿ, ದುಡಿಮೆಯಲ್ಲಿ ತೊಡಗಿದ ಗಂಡಸರು ದಿನಕ್ಕೆ 459 ನಿಮಿಷ ದುಡಿದಿದ್ದಾರೆ. ಏಳೂವರೆ ಗಂಟೆಗಿಂತ ಜಾಸ್ತಿ. ದುಡಿಮೆಗೆ ಹೋದ ಹೆಂಗಸರದು 333 ನಿಮಿಷ. ನಿಮ್ಮ ದುಡಿಮೆಯನ್ನು ಯಾರೂ ಸಣ್ಣದು ಅನ್ನುತ್ತಿಲ್ಲ. ಆದರೆ ನೀವು ಹೊಲದಿಂದ ಬಂದು ಕೈಕಾಲು ತೊಳೆದರೆ ಅವತ್ತಿನ ಕೆಲಸ ಮುಗಿಯಿತು. ಅದೇ ಹೊಲದಿಂದ ನಿಮ್ಮ ಜೊತೆಗೇ ಬಂದವರು ಕೈಕಾಲು ತೊಳೆಯುವುದು ಒಲೆ ಹಚ್ಚುವುದಕ್ಕೆ. ಇಬ್ಬರ ಬೆನ್ನೂ ಒಂದೇ ಥರ ನೋಯುತ್ತೆ. ಒಬ್ಬರಿಗೆ ಮಾತ್ರ ಕೂರುವ ಹೊತ್ತು ಸಿಗುತ್ತೆ. ನಾನು ಕೇಳುತ್ತಿರುವುದು ಆ ಕೂರುವ ಹೊತ್ತನ್ನು.

ಮದುವೆ ಮನೆಗಳಲ್ಲಿ ಹೆಂಗಸಿನ ಗುಣ ಹೇಳುವ ಒಂದು ಶ್ಲೋಕ ನೀವೂ ಕೇಳಿರುತ್ತೀರಿ. ಕೆಲಸದಲ್ಲಿ ದಾಸಿ, ಸಲಹೆಯಲ್ಲಿ ಮಂತ್ರಿ, ರೂಪದಲ್ಲಿ ಲಕ್ಷ್ಮಿ, ಕ್ಷಮೆಯಲ್ಲಿ ಭೂಮಿ, ಊಟಕ್ಕಿಡುವಾಗ ತಾಯಿ, ಮಂಚದಲ್ಲಿ ರಂಭೆ. ಆರು ಪಾತ್ರ. ಜನ ಖುಷಿಯಿಂದ ಚಪ್ಪಾಳೆ ತಟ್ಟುತ್ತಾರೆ. ನನಗೆ ಮೊದಲು ಅದು ಹೊಗಳಿಕೆ ಅನ್ನಿಸುತ್ತಿತ್ತು. ಈಗ ಕೇಳಿದರೆ ಸಂಕಟ ಆಗುತ್ತೆ. ಆರೂ ಪಾತ್ರ ಬೇರೆಯವರಿಗಾಗಿ. ಜ್ವರ ಬಂದು ಮಲಗಿದವಳಿಗೆ, ಕಿಟಕಿ ಹತ್ತಿರ ಕೂತು ಒಂದು ಲೋಟ ಕಾಫಿ ಕುಡಿಯುವವಳಿಗೆ ಅದರಲ್ಲಿ ಜಾಗ ಇಲ್ಲ.

ನಮ್ಮ ಊರಿನ ದೇವಿಯ ಕಥೆ ಇದಕ್ಕಿಂತ ಎಷ್ಟೋ ನಿಜ ಅನ್ನಿಸುತ್ತದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಂದು ಸಲ, ದೀಪಾವಳಿ ಸಮಯದಲ್ಲಿ ತೆಗೆಯುತ್ತಾರೆ. ಒಳಗೆ ಸೊಸೆ ಕಲ್ಲು ಇದೆ. ಕಥೆ ಎಲ್ಲರಿಗೂ ಗೊತ್ತು. ಒಬ್ಬ ಸೊಸೆ ದಿನಾ ದೇವಿಯ ದರ್ಶನಕ್ಕೆ ಬರುತ್ತಿದ್ದಳು. ಒಂದು ದಿನ ಅತ್ತೆ ಹಿಂದೆಯೇ ಬಂದಳು. ಮನೆ ಕೆಲಸಕ್ಕಿಂತ ನಿನಗೆ ಇದೇ ಹೆಚ್ಚಾಯಿತಾ ಎಂದು ಚಂದ್ರಬಟ್ಟಲಿನಿಂದ ತಲೆಗೆ ಹೊಡೆದಳು. ಸೊಸೆ 'ಅಮ್ಮಾ' ಎಂದು ದೇವಿಯನ್ನು ಕೂಗಿದಳು. ದೇವಿ ಅವಳನ್ನು ಕಲ್ಲಾಗಿ ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ನಂಬಿಕೆ.

ಚಿಕ್ಕವಳಿದ್ದಾಗ ನಾನು ಕೆಟ್ಟ ಅತ್ತೆಯ ಕಥೆ ಅಂತ ಕೇಳಿದ್ದೆ. ಈಗ ಆ ಅತ್ತೆಯ ಮೇಲೆ ಅಷ್ಟು ಕೋಪ ಇಲ್ಲ. ಅವಳೂ ಒಂದು ಕಾಲಕ್ಕೆ ಸೊಸೆ. ಅವಳಿಗೂ ಯಾರೂ ಬಿಡುವು ಕೊಟ್ಟಿರಲಿಕ್ಕಿಲ್ಲ. ಆ ಸೊಸೆ ಮಾಡಿದ ತಪ್ಪಾದರೂ ಏನು? ದಿನಕ್ಕೆ ಒಂದು ಚೌಕ ತನಗೆ ಅಂತ ತೆಗೆದುಕೊಂಡಳು. ಅಷ್ಟೇ. ಕಲ್ಲಾದ ಮೇಲೆ ಮಾತ್ರ ಅವಳಿಗೆ ಅಲ್ಲಿ ಇರುವ ಹಕ್ಕು ಸಿಕ್ಕಿತು.

ನಮ್ಮ ಕಾನೂನಿನಲ್ಲೂ ಬಹಳ ಕಾಲ ಹೀಗೇ ಇತ್ತು. ಬದುಕಿದ್ದಾಗ ಮನೆಗೆಲಸಕ್ಕೆ ಬೆಲೆ ಕಟ್ಟಿದವರಿಲ್ಲ. ಸತ್ತ ಮೇಲೆ, ಪರಿಹಾರ ಕೊಡಬೇಕಾದಾಗ, ಈಕೆಯ ಕೆಲಸದ ಬೆಲೆ ಎಷ್ಟು ಎಂಬ ಪ್ರಶ್ನೆ ಕೋರ್ಟಿಗೆ ಬಂತು. 1989ರ ಮಾರ್ಚ್‌ನಲ್ಲಿ ಜಮ್‌ಷೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಬಹಳ ಹೆಂಗಸರು, ಮಕ್ಕಳು ಸತ್ತರು. ಆ ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಬೆಲೆ ಹಿಡಿಯಿತು. ವಾಹನ ಅಪಘಾತದ ಕಾನೂನಿಗೆ 1994ರಲ್ಲಿ ಸೇರಿಸಿದ್ದ ಪಟ್ಟಿಯಲ್ಲಿ ಬೇರೆ ಲೆಕ್ಕ ಇತ್ತು. ಸಂಪಾದನೆ ಇಲ್ಲದ ಹೆಂಡತಿ ಸತ್ತರೆ ಗಂಡನ ಆದಾಯದ ಮೂರನೇ ಒಂದು ಭಾಗವನ್ನು ಅವಳ ಆದಾಯ ಅಂತ ಹಿಡಿಯಬೇಕು. ಇದನ್ನು ನಮ್ಮ ಸಕಲೇಶಪುರದ ತೋಟಕ್ಕೆ ಹೊಂದಿಸಿ ನೋಡಿ. ಬಂಗಲೆಯಲ್ಲಿರುವ ಯಜಮಾನರ ಹೆಂಡತಿ, ಲೈನ್ ಮನೆಯಲ್ಲಿರುವ ಕಾರ್ಮಿಕನ ಹೆಂಡತಿ. ಇಬ್ಬರೂ ಹೊರಗೆ ದುಡಿಯದೆ ಮನೆ ನೋಡಿಕೊಳ್ಳುವವರು ಅಂತ ಇಟ್ಟುಕೊಳ್ಳಿ. ಲೈನ್ ಮನೆಯಾಕೆ ನೀರು ಹೊರುತ್ತಾಳೆ, ಸೌದೆ ತರುತ್ತಾಳೆ. ಅವಳ ಕೆಲಸವೇ ಭಾರ. ಆದರೂ ಅವಳ ಬೆಲೆ ಕಡಿಮೆ, ಗಂಡನ ಕೂಲಿ ಕಡಿಮೆ ಅಂತ. ಇದು ಅವಳ ಕೆಲಸವನ್ನು ಅಳೆದದ್ದಲ್ಲ, ಅವಳ ಗಂಡನನ್ನು ಅಳೆದದ್ದು.

2010ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವ ಹೆಂಗಸರನ್ನು ಕೆಲಸ ಮಾಡದವರು ಎಂದು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದು ತಪ್ಪು ಎಂದು ಅದರಲ್ಲಿ ಬೇಸರ ಪಟ್ಟು ಹೇಳಿದ್ದಾರೆ. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಗೆ ಆದಾಯ ಇದೆ ಎಂದು ಲೆಕ್ಕ ಹಿಡಿಯುವುದು ಅವಳ ದುಡಿಮೆಯನ್ನು ಗುರುತಿಸಿದಂತೆ ಎಂದು ಬರೆದರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಇನ್ನೂ ಮುಂದೆ ಹೋಯಿತು. ಗಂಡ ದುಡಿದು ಕೊಂಡ ಆಸ್ತಿಯಲ್ಲಿ ಮನೆ ನೋಡಿಕೊಂಡ ಹೆಂಡತಿಗೂ ಸಮಪಾಲು ಇದೆ ಎಂದಿತು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತೆ. ಇದು ಸತ್ತ ಮೇಲಿನ ಲೆಕ್ಕ ಅಲ್ಲ.

ಗೃಹಲಕ್ಷ್ಮಿ ದುಡ್ಡಿನ ಬಗ್ಗೆ ಹೇಳಿ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದು ಮನೆಗೆಲಸದ ಸಂಬಳ ಅಲ್ಲ, ಸಂಬಳ ಅಂತ ಯಾರೂ ಕೊಡುತ್ತಲೂ ಇಲ್ಲ. ಆದರೆ ನಮ್ಮ ಬೀದಿಯ ಒಬ್ಬ ಅಜ್ಜಿ 'ಯಾರ ಮುಖಾನೂ ನೋಡದೆ ಮೊಮ್ಮಗಳಿಗೆ ಬಳೆ ತಂದೆ' ಅಂದಾಗ ಅವರ ದನಿ ಕೇಳಬೇಕಿತ್ತು. ಆ ದುಡ್ಡು ಬೇಕು. ಅಷ್ಟಾದರೂ ಅದರಿಂದ ಹಾಳೆಯ ಒಂದು ಚೌಕವೂ ಖಾಲಿ ಆಗುವುದಿಲ್ಲ. ಅದು ಬೇರೆ ಕೆಲಸ.

ಇನ್ನೊಂದು ಮಾತು, ಇಲ್ಲಿ ಕೂತಿರುವ ಅಂಗನವಾಡಿ ಟೀಚರಮ್ಮಂದಿರಿಗೆ ಮತ್ತು ಆಶಾ ಅಕ್ಕಂದಿರಿಗೆ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರಲ್ಲಿ, ಆಶಾ 2005ರಲ್ಲಿ. ಮಕ್ಕಳನ್ನು ನೋಡಿಕೊಳ್ಳುವುದು, ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಮನೆಯಲ್ಲಿ ಹೆಂಗಸು ಪುಕ್ಕಟೆ ಮಾಡುವ ಕೆಲಸವನ್ನೇ ಊರಿಗಾಗಿ ಮಾಡಿದ್ದಕ್ಕೆ ಸಂಬಳ ಅನ್ನಲಿಲ್ಲ, ಗೌರವಧನ ಅಂದರು. ಒಳಗಿನ ಕೆಲಸಕ್ಕೆ ಬೆಲೆ ಇಲ್ಲದಿದ್ದರೆ ಅದೇ ಕೆಲಸ ಹೊರಗೆ ಬಂದಾಗಲೂ ಬೆಲೆ ಸಿಗುವುದಿಲ್ಲ. 12ನೇ ಶತಮಾನದಲ್ಲಿ ಕೊಟ್ಟಣದ ಸೋಮವ್ವ ಇದ್ದರು, ಭತ್ತ ಕುಟ್ಟುವುದೇ ಅವರ ಕಾಯಕ. ಕದಿರ ರೆಮ್ಮವ್ವ ನೂಲು ತೆಗೆಯುತ್ತಿದ್ದರು. ಎಲ್ಲ ಮನೆಯ ಹೆಂಗಸರೂ ಮಾಡುತ್ತಿದ್ದ ಕೆಲಸಗಳೇ. ಆ ಕೆಲಸವನ್ನೇ ಹೆಸರಿಗೆ ಸೇರಿಸಿಕೊಂಡು, ಅನುಭವ ಮಂಟಪದ ಶರಣರ ಸಾಲಿನಲ್ಲಿ ಸಮನಾಗಿ ನಿಂತರು.

ಸರಿ, ಹಾಗಾದರೆ ಮಾಡುವುದೇನು? ನನ್ನ ಮಟ್ಟಿಗೆ ಉತ್ತರ ಚೌಕದಲ್ಲೇ ಇದೆ. ಹೊಗಳಿಕೆ ಸಾಕು. ಚೌಕ ತೆಗೆದುಕೊಳ್ಳಿ. 'ಹೆಂಡತಿಗೆ ಸಹಾಯ ಮಾಡ್ತೀನಿ' ಅನ್ನುವ ಗಂಡಸರು ಒಳ್ಳೆಯವರೇ. ಆದರೆ ಸಹಾಯ ಅಂದರೆ ಕೆಲಸ ಅವಳದ್ದೇ ಅಂತ ಆಯಿತು, ಅಲ್ವಾ? ಸಂಜೆ ಪಾತ್ರೆ ನಿಮ್ಮದು ಅಂದರೆ ಪೂರ್ತಿ ನಿಮ್ಮದು. ಸೋಪು ಮುಗಿದಿದೆಯಾ ಅಂತ ನೋಡುವುದೂ ನಿಮ್ಮದೇ. ನೆನಪಿಟ್ಟುಕೊಳ್ಳುವ ಭಾರ ಅವಳ ತಲೆಯಲ್ಲೇ ಉಳಿದರೆ ಚೌಕ ಖಾಲಿ ಆಗಲಿಲ್ಲ.

ಅಮ್ಮನ ಚೌಕ ಮಗಳಿಗೆ ಹೋಗದ ಹಾಗೆಯೂ ನೋಡಿಕೊಳ್ಳಬೇಕು. ಈ ಮಾತನ್ನು ಟೀಚರಾಗಿ ಹೇಳುತ್ತಿದ್ದೇನೆ. ಕಾಫಿ ಕುಯ್ಲಿನ ತಿಂಗಳು ಬಂತೆಂದರೆ, ಡಿಸೆಂಬರ್, ಜನವರಿಯಲ್ಲಿ, ನನ್ನ ತರಗತಿಯಲ್ಲಿ ಹುಡುಗಿಯರ ಬೆಂಚು ಖಾಲಿ ಆಗುತ್ತಿತ್ತು. ಅಮ್ಮ ಹಣ್ಣು ಕುಯ್ಯಲು ಹೋದರೆ ತಮ್ಮನನ್ನು ಎತ್ತಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯಬೇಕು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಅಂತ ಬರೆಯುತ್ತಿದ್ದೆ. ಅವಳು ಆ ಹೊತ್ತಿನಲ್ಲಿ ಇನ್ನೊಂದು ಕಡೆ ಹಾಜರಿದ್ದಳು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕು ಎಂದು ಬರೆದಿದ್ದರು. ಮಗು ನೋಡಿಕೊಳ್ಳುವುದೂ ಒಂದು ಕೆಲಸ, ಅದಕ್ಕೂ ಒಬ್ಬರು ಬೇಕು ಎನ್ನುವುದು ಅಷ್ಟು ಹಿಂದೆಯೇ ಗೊತ್ತಿತ್ತು. ಕೂಸನ್ನು ನೋಡಿಕೊಳ್ಳುವ ಒಳ್ಳೆಯ ಜಾಗ ಇದ್ದ ಕಡೆ ಅಕ್ಕ ಶಾಲೆಗೆ ಬರುತ್ತಿದ್ದಳು. ನಿಮ್ಮ ಸಂಘಗಳು ಪಂಚಾಯ್ತಿಯ ಮುಂದೆ ಕೂತು ಕೇಳಬೇಕಾದದ್ದು ಇದನ್ನು.

ಗಂಟೆ ನೋಡುತ್ತಿದ್ದೀರಿ. ಐದಕ್ಕೆ ಹತ್ತು ನಿಮಿಷ ಇದೆ. ಆಲೂರಿನ ತಾಯಿ ತಮ್ಮ ಹಾಳೆಯ ಮಧ್ಯಾಹ್ನ ಎರಡೂವರೆಯ ಚೌಕವನ್ನು ಖಾಲಿ ಬಿಟ್ಟಿದ್ದರು. ಏನಮ್ಮ ಇದು ಅಂತ ಆಗಲೇ ಕೇಳಿದೆ. 'ಹಿತ್ತಲ ಕಲ್ಲಿನ ಮೇಲೆ ಕೂತಿದ್ದೆ, ಯಾರೂ ಕರೀಲಿಲ್ಲ' ಅಂದರು. ಅದನ್ನೂ ಬರೆಯಿರಿ ಅಂದೆ. ಬರೆದಿದ್ದಾರೆ.

ಡೈರಿಗೆ ಹೋಗುವವರು ಹೊರಡಿ. ಉಳಿದ ಹಾಳೆಗಳು ಬಾಗಿಲ ಹತ್ತಿರ ಮೇಜಿನ ಮೇಲಿವೆ. ಮನೆಯಲ್ಲಿ ಎಷ್ಟು ಜನ ಇದ್ದೀರೋ ಅಷ್ಟು ತೆಗೆದುಕೊಂಡು ಹೋಗಿ, ಒಂದು ರಾತ್ರಿ ಎಲ್ಲರೂ ಒಟ್ಟಿಗೆ ಕೂತು ತುಂಬಿ. ಅವತ್ತು ಊಟ ಆದ ಮೇಲೆ ಪಾತ್ರೆ ಹಾಗೇ ಇರಲಿ, ಹಾಳೆ ತುಂಬಿದ ಮೇಲೆ ಯಾರು ತಿಕ್ಕುವುದು ಅಂತ ನೋಡೋಣ.